ಕಿಟಕಿಯಿಂದ ಹತ್ತಿದ ಮಗು

ಸಣ್ಣವಳಿದ್ದಾಗ ಭಾನುಪ್ರಿಯ ಬಸ್ಸಿಗೆ ಬಾಗಿಲಿನಿಂದ ಹತ್ತಿದ್ದು ಕಡಿಮೆ. ಅವಳ ತವರು ಸಾತನೂರಿನ ಹತ್ತಿರದ ಒಂದು ಹಳ್ಳಿ. ಅಲ್ಲಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಗಂಡಸರು ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು. ಹೆಂಗಸರ ಕೈಯಲ್ಲಿ ಟವೆಲ್ ಇರುತ್ತಿರಲಿಲ್ಲ, ಮಕ್ಕಳಿರುತ್ತಿದ್ದರು. ಅವಳ ಅಮ್ಮ ಅವಳ ಎರಡೂ ಕಂಕುಳಿಗೆ ಕೈ ಹಾಕಿ ಮೇಲಕ್ಕೆತ್ತಿ ಕಿಟಕಿಯೊಳಗೆ ತೂರಿಸುತ್ತಿದ್ದಳು. ಒಳಗೆ ಕೂತಿದ್ದವರು ಯಾರೇ ಆಗಲಿ, ಮಗುವನ್ನು ಎಳೆದುಕೊಂಡು ಪಕ್ಕದ ಸೀಟಿನಲ್ಲಿ ಕೂರಿಸುತ್ತಿದ್ದರು. ಮಗು ಕೂತ ಸೀಟು ಆ ಮಗುವಿನ ತಾಯಿಯದು. ಅದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. "ನಾನು ಕೂತ್ಕಂಡ್ರೆ ಊರ ಗೌಡ್ರು ಬಂದ್ರೂ ಏಳೇ ಅಂತಿರ್ಲಿಲ್ಲ" ಎಂದು ಹೇಳಿ ಅವಳು ಈಗಲೂ ನಗುತ್ತಾಳೆ.

ಮದುವೆಯಾಗಿ ಅವಳು ಬಂದದ್ದು ನಮ್ಮ ಗುಡೇಮಾರನಹಳ್ಳಿಗೆ. ಬೀದಿಯಲ್ಲಿ ಎಲ್ಲರೂ ಅವಳನ್ನು ಭಾನಕ್ಕ ಎನ್ನುತ್ತೇವೆ. ಗಂಡ ಅಶ್ವಥ್‌ಗೆ ಒಂದಿಷ್ಟು ರಾಗಿ ಹೊಲ, ಸ್ವಲ್ಪ ತೆಂಗು, ಮೂರು ಸೀಮೆ ಹಸು. ಮನೆಯಲ್ಲಿ ಅತ್ತೆ ಅಂಬುಜಮ್ಮ. ನಮ್ಮ ಕಡೆಗೆ ರೈಲಿಲ್ಲ, ಮಾಗಡಿಗೆ ಹೋಗಿ ಬಸ್ಸು ಹಿಡಿಯಬೇಕು. ಮಾಗಡಿ ಬಸ್ ಸ್ಟ್ಯಾಂಡಿನಲ್ಲಿಯೂ ಭಾನಕ್ಕ ಕಲಿತದ್ದನ್ನೇ ಮಾಡಿದಳು. ತನ್ನ ಮಗಳನ್ನು ತನ್ನಮ್ಮನಂತೆಯೇ ಎತ್ತಿ ಕಿಟಕಿಯೊಳಗೆ ಕೊಟ್ಟಳು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಿಕ್ಕ ಮಕ್ಕಳಿರುವವರಿಗೆ ಇದೊಂದೇ ದಾರಿ. ಮಾಗಡಿಯ ಕಂಡಕ್ಟರುಗಳಿಗೂ ಇದು ಗೊತ್ತು. ಕಿಟಕಿಯಿಂದ ಮಗು ಒಳಗೆ ಹೋಯಿತೆಂದರೆ ತಾಯಿ ಹತ್ತುವವರೆಗೂ ಅವರು ಸೀಟಿ ಊದುವುದಿಲ್ಲ.

ಮಗಳ ಹೆಸರು ಅಂಗನವಾಡಿಯಲ್ಲಿ ಶ್ವೇತ, ಮನೆಯಲ್ಲಿ ಪುಟ್ಟಿ. ಅವಳಿಗೆ ಕಿವಿ ಕೇಳುವುದಿಲ್ಲ ಎಂದು ಮನೆಯವರಿಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಚೂಟಿಯಾದ ಮಗು, ಯಾರ ಮುಖ ನೋಡಿದರೂ ನಗುತ್ತಿತ್ತು. ಮಾತು ಮಾತ್ರ ಬರಲಿಲ್ಲ. "ನಮ್ಮ ಅಶ್ವಥ್‌ಗೂ ಮಾತು ತಡವಾಗೇ ಬಂದದ್ದು. ಈಗ ನೋಡು, ಬಾಯಿ ಮುಚ್ಚಲ್ಲ" ಎಂದು ಅಂಬುಜಮ್ಮ ಸಮಾಧಾನ ಹೇಳುತ್ತಿದ್ದರು. ಒಂದು ದಿನ ಅಟ್ಟದಿಂದ ಹಿತ್ತಾಳೆಯ ತಟ್ಟೆ ಪುಟ್ಟಿಯ ಬೆನ್ನ ಹಿಂದೆಯೇ ಬಿತ್ತು. ಹೊರಗೆ ಕಟ್ಟಿದ್ದ ಹಸು ಕೂಡ ಬೆಚ್ಚಿ ಎದ್ದು ನಿಂತಿತು. ಪುಟ್ಟಿ ತಿರುಗಿ ನೋಡಲಿಲ್ಲ.

ಆಮೇಲೆ ಡಾಕ್ಟರು, ಪರೀಕ್ಷೆ, ಎರಡೂ ಕಿವಿಗೆ ಮಿಷನ್ನು. ಮಿಷನ್ ಹಾಕಿದರೆ ಮಾತು ತಾನಾಗಿ ಬರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಹಾಗಾಗುವುದಿಲ್ಲ. ಕೇಳಿದ ಸದ್ದು ಏನು ಎಂದು ಮಗುವಿಗೆ ಒಂದೊಂದಾಗಿ ಕಲಿಸಬೇಕು. ಅದನ್ನು ಕಲಿಸುವ ಒಂದು ಕೇಂದ್ರ ಬೆಂಗಳೂರಿನ ಜಯನಗರದ ಕಡೆ ಇತ್ತು. ವಾರಕ್ಕೊಮ್ಮೆ, ಗುರುವಾರ ಹೋಗಬೇಕು. ಅಲ್ಲಿನ ಟೀಚರ್ ಹಿನಾ ಮೇಡಂ ಮೊದಲ ದಿನವೇ ಹೇಳಿದ್ದರು: "ಆರು ವರ್ಷ ತುಂಬೋದ್ರೊಳಗೆ ಕಲಿತದ್ದು ನಿಲ್ಲುತ್ತೆ. ಆಮೇಲೆ ಕಲಿಸೋಕೆ ಆಗೋದೇ ಇಲ್ಲ ಅಂತಲ್ಲ, ಬಹಳ ಕಷ್ಟ. ತಪ್ಪಿಸಬೇಡಿ." ಆಗ ಪುಟ್ಟಿಗೆ ನಾಲ್ಕು ನಡೆಯುತ್ತಿತ್ತು.

ಮೊದಲು ಅಶ್ವಥ್ ಕೂಡ ಜೊತೆಗೆ ಹೋಗುತ್ತಿದ್ದ. ಎರಡನೆಯ ಮಗು ಹುಟ್ಟಿದ ಮೇಲೆ, ಹಸು ಹೆಚ್ಚಿದ ಮೇಲೆ, ಭಾನಕ್ಕ ಒಬ್ಬಳೇ ಹೋಗತೊಡಗಿದಳು. ಗಂಡು ಮಗು ಎದೆಹಾಲು ಬಿಟ್ಟು ಬಾಟಲಿ ಮುಟ್ಟುತ್ತಿರಲಿಲ್ಲ, ಮನೆಯಲ್ಲಿ ಬಿಡುವಂತಿರಲಿಲ್ಲ. ಹಾಗಾಗಿ ಒಂದು ಕಂಕುಳಲ್ಲಿ ಮಗ, ಇನ್ನೊಂದು ಕೈಯಲ್ಲಿ ಪುಟ್ಟಿ, ಹೆಗಲಿಗೆ ಬ್ಯಾಗು. ಅಶ್ವಥ್‌ಗೆ ಇದು ಇಷ್ಟವಿರಲಿಲ್ಲ. ಬೆಂಗಳೂರು ಎಂದರೆ ಅವನಿಗೆ ಮೊದಲಿನಿಂದಲೂ ಭಯ. ಅದನ್ನು ಕೋಪದ ಹಾಗೆ ತೋರಿಸುತ್ತಿದ್ದ.

"ಎರಡೆರಡು ಮಕ್ಳು ಕಟ್ಕಂಡು ಆ ಜಾತ್ರೇಲಿ ಹೆಂಗೆ ಓಡಾಡ್ತೀಯ? ಒಂದ್ಸಲ ಏನಾರ ಹೆಚ್ಚುಕಮ್ಮಿ ಆಗ್ಲಿ, ಅವತ್ತಿಗೇ ಕೊನೆ. ಆಮೇಲೆ ಹೋಗೋ ಮಾತೇ ಇಲ್ಲ, ಈಗ್ಲೇ ಹೇಳಿವ್ನಿ."

"ಆಗ್ಲಿ" ಎಂದಿದ್ದಳು ಭಾನಕ್ಕ. ಹಾಗೆ ಏನೂ ಆಗುವುದಿಲ್ಲ ಎಂಬ ಧೈರ್ಯ ಅವಳಿಗಿತ್ತು.

ಮಾಗಡಿಯಿಂದ ಹೊರಟ ಬಸ್ಸು ಬೆಂಗಳೂರಿನ ಮಾರ್ಕೆಟ್ಟಿಗೆ ಬರುತ್ತದೆ. ಅಲ್ಲಿ ಇಳಿದು ಜಯನಗರದ ಸಿಟಿ ಬಸ್ಸು ಹತ್ತಬೇಕು. ಊರಿನ ಬಸ್ಸಿಗೂ ಸಿಟಿ ಬಸ್ಸಿಗೂ ವ್ಯತ್ಯಾಸವಿದೆ. ಊರಿನ ಬಸ್ಸಿನಲ್ಲಿ ಮಗು ಅತ್ತರೆ ಯಾರಾದರೂ ಬಾಳೆಹಣ್ಣು ಕೊಡುತ್ತಾರೆ, ಉಚ್ಚೆ ಬಂದರೆ ಡ್ರೈವರಿಗೆ ಕೂಗಿ ಹೇಳಬಹುದು. ಸಿಟಿ ಬಸ್ಸಿನಲ್ಲಿ ಹಾಗೆ ಕೂಗಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಪುಟ್ಟಿಗೆ ಉಚ್ಚೆ ಮಾಡಿಸಲು ಮಾರ್ಕೆಟ್ಟಿನಲ್ಲಿ ಯಾವ ಮೂಲೆ ವಾಸಿ, ಮಗನಿಗೆ ಹಾಲು ಕುಡಿಸಲು ಯಾವ ಕಂಬದ ಹಿಂದೆ ಕೂರಬಹುದು, ಬಸ್ಸು ಬ್ರೇಕ್ ಹಾಕಿದಾಗ ಎರಡು ಮಕ್ಕಳನ್ನು ಹಿಡಿದು ಯಾವ ಕಂಬಿಗೆ ಒರಗಬೇಕು, ಇವನ್ನೆಲ್ಲ ಭಾನಕ್ಕ ಕೆಲವು ತಿಂಗಳಲ್ಲಿ ಕಲಿತಳು. ಮೆಟ್ಟಿಲು ಎತ್ತರ. ಪುಟ್ಟಿ ಮೊದಲು ಮಂಡಿಯೂರಿ ಹತ್ತುತ್ತಿದ್ದಳು, ಹಿಂದಿದ್ದವರು "ಬೇಗ ಬೇಗ" ಎನ್ನುತ್ತಿದ್ದರು. ಆ ಬೇಗ ಬೇಗ ಪುಟ್ಟಿಗೆ ಕೇಳುತ್ತಿರಲಿಲ್ಲ. ಯಾಕೆಂದರೆ ಮಾರ್ಕೆಟ್ಟಿನಲ್ಲಿ ಇಳಿದ ಕೂಡಲೇ ಭಾನಕ್ಕ ಅವಳ ಕಿವಿಯ ಮಿಷನ್ ಎರಡನ್ನೂ ಬಿಚ್ಚಿ ಡಬ್ಬಿಗೆ ಹಾಕಿ ಬ್ಯಾಗಿನಲ್ಲಿ ಇಡುತ್ತಿದ್ದಳು. ಮಿಷನ್ ಹಾಕಿದ್ದರೆ ಹಾರ್ನಿನ ಸದ್ದಿಗೆ ಪುಟ್ಟಿ ಕಿರುಚಿ ನೆಲದ ಮೇಲೆ ಕೂತುಬಿಡುತ್ತಿದ್ದಳು. ನೂಕುನುಗ್ಗಲಿನಲ್ಲಿ ಮಿಷನ್ ಬಿದ್ದುಹೋದರೆ ಎಂಬ ಹೆದರಿಕೆ ಬೇರೆ.

ಅವತ್ತು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಗುರುವಾರ. ಇಡೀ ಬೆಂಗಳೂರೇ ಹೂವು ಕೊಳ್ಳಲು ಮಾರ್ಕೆಟ್ಟಿಗೆ ಬಂದಂತಿತ್ತು. ಬಾಳೆಕಂದು, ತಾವರೆ ಮೊಗ್ಗು, ಸೇವಂತಿಗೆ ತುಂಬಿದ ಚೀಲಗಳು. ಮಾಗಡಿಯಿಂದ ಬಂದ ಬಸ್ಸು ಮಾರ್ಕೆಟ್ಟಿನ ಹತ್ತಿರ ಬಂದು ತುಂಬಾ ಹೊತ್ತು ನಿಂತಲ್ಲೇ ನಿಂತಿತ್ತು. ಕೇಂದ್ರದಲ್ಲಿ ಪುಟ್ಟಿಯ ಸರದಿ ಹೋದರೆ ಮುಂದಿನ ವಾರದವರೆಗೆ ಇಲ್ಲ. ಜಯನಗರದ ಬಸ್ಸು ಬಂದಾಗ ಮುಂದಿನ ಬಾಗಿಲಿಗೆ ಹೆಂಗಸರು ಜೇನು ಮುತ್ತಿದ ಹಾಗೆ ಮುತ್ತಿದರು. ಭಾನಕ್ಕ ಎರಡು ಸಲ ನುಗ್ಗಲು ನೋಡಿದಳು. ಬಾಳೆಕಂದಿನ ತುದಿ ಮಗನ ಕಣ್ಣಿಗೆ ತಾಗುವುದರಲ್ಲಿತ್ತು. ಹಿಂದಕ್ಕೆ ಸರಿದಳು. ಆಗ ಅವಳ ತಲೆಯ ಮೇಲೆಯೇ ಒಂದು ಕಿಟಕಿ ತೆರೆದಿತ್ತು, ಅದರೊಳಗೆ ಬುರ್ಖಾ ಹಾಕಿದ ಒಬ್ಬ ಹೆಂಗಸಿನ ಮುಖ ಕಾಣಿಸಿತು.

ಕೈ ತಾನಾಗಿ ಎದ್ದಿತು ಎನ್ನುತ್ತಾಳೆ ಭಾನಕ್ಕ. ಮಗನನ್ನು ಎಡಗೈಗೆ ಒತ್ತಿಕೊಂಡು ಬಲಗೈಯಿಂದ ಪುಟ್ಟಿಯನ್ನು ಸೊಂಟ ಹಿಡಿದು ಎತ್ತಿದಳು. "ಒಸಿ ಹಿಡ್ಕಳಿ ಅಕ್ಕ" ಎಂದಳು. ಒಳಗಿನಿಂದ ಎರಡು ಕೈ ಬಂದವು. ಪುಟ್ಟಿ ಒಳಗೆ ಹೋದಳು. ಪುಟ್ಟಿಗೂ ಅಭ್ಯಾಸವಿತ್ತು, ಅಳಲಿಲ್ಲ.

ಭಾನಕ್ಕ ಬಾಗಿಲಿನ ಕಡೆ ತಿರುಗಿದಳು. ಬಾಗಿಲು ಮುಚ್ಚಿತ್ತು. ಕೈಯಿಂದ ಎಳೆಯುವ ಬಾಗಿಲಲ್ಲ, ಡ್ರೈವರ್ ಒಂದು ಗುಂಡಿ ಒತ್ತಿದರೆ ತಾನೇ ಮುಚ್ಚಿಕೊಳ್ಳುವಂಥದು. ಬಸ್ಸು ಹೊರಟಿತು.

ಅವಳು ಬಸ್ಸಿನ ಮೈಗೆ ಬಡಿದಳು. ಕೂಗಿದಳು. ಅಲ್ಲಿ ಎಲ್ಲರೂ ಬಡಿಯುತ್ತಿದ್ದರು, ಎಲ್ಲರೂ ಕೂಗುತ್ತಿದ್ದರು, ಹತ್ತಲಾಗದವರೆಲ್ಲ ಬೈಯುತ್ತಿದ್ದರು. ಅವಳ ಕೂಗು ಬೇರೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಸ್ವಲ್ಪ ದೂರ ಓಡಿದಳು. ಮಗ ಅಳತೊಡಗಿದ. ಬಸ್ಸು ತಿರುವಿನಲ್ಲಿ ಮರೆಯಾಯಿತು.

"ನಂಗೆ ಆಗ ಏನ್ ನೆಪ್ಪಾಯ್ತು ಗೊತ್ತಾ?" ಎಂದಳು ಭಾನಕ್ಕ, ಇದನ್ನು ಹೇಳುವಾಗ. "ಮಿಷನ್ ಬ್ಯಾಗಲ್ಲೈತೆ. ಅವಳ ಹೆಸ್ರು ಹಿಡಿದು ಯಾರು ಕೂಗುದ್ರೂ ಅವಳು ತಿರುಗಲ್ಲ."

ಹೂವಿನ ಚೀಲ ಇಳಿಸುತ್ತಿದ್ದ ಒಂದು ಆಟೋ ಅಲ್ಲೇ ಇತ್ತು. ಅವಳು ಹತ್ತಿ ಕೂತುಬಿಟ್ಟಳು. ಡ್ರೈವರ್ ವಯಸ್ಸಾದವನು.

"ಎಲ್ಲಿಗವ್ವ?"

"ಬಸ್ಸು, ಜಯನಗರದ ಬಸ್ಸು. ನನ್ ಮಗಳು ಅದ್ರಲ್ಲವ್ಳೆ. ನಾನು ಹತ್ತಲಿಲ್ಲ."

"ಮಗಳು ಹತ್ತಿ ನೀನು ಹತ್ತಲಿಲ್ವಾ? ಅದೆಂಗೆ?"

"ಕಿಟಕೀಲಿ ಕೊಟ್ಟೆ."

ಅವನು ಕನ್ನಡಿಯಲ್ಲಿ ಅವಳ ಮುಖ ನೋಡಿದ. "ಅಳ್ಬ್ಯಾಡ. ಹಬ್ಬದ ಟ್ರಾಫಿಕ್ಕು, ಬಸ್ಸೇನು ಹಾರೋಗಲ್ಲ" ಎಂದು ಗಾಡಿ ತಿರುಗಿಸಿದ.

ಬಸ್ಸಿನೊಳಗೆ ನಡೆದದ್ದು ಭಾನಕ್ಕನಿಗೆ ಆಮೇಲೆ ತಿಳಿದದ್ದು. ಕೈ ಚಾಚಿದ ಹೆಂಗಸಿನ ಹೆಸರು ಜುವೇರಿಯಾ. ಮನೆಯಲ್ಲಿ ಹೊಲಿಗೆ ಮಾಡುವವರು, ಮಾರ್ಕೆಟ್ಟಿಗೆ ಲೇಸು, ಗುಂಡಿ ಕೊಳ್ಳಲು ಬಂದಿದ್ದರು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ತಾಯಿ ಹತ್ತಿರಬೇಕು, ಜನರ ನಡುವೆ ಸಿಕ್ಕಿಕೊಂಡಿರಬೇಕು ಎಂದುಕೊಂಡರು. ಟಿಕೆಟ್ ಕೊಡಲು ಕಂಡಕ್ಟರ್ ಬಂದಾಗ "ಈ ಮಗೂ ತಾಯಿ ಎಲ್ಲಿ?" ಎಂದು ಕೂಗಿದರು. ಯಾರೂ ಓ ಎನ್ನಲಿಲ್ಲ.

ಸುತ್ತಲಿದ್ದವರು ಪುಟ್ಟಿಯನ್ನು ಮಾತಾಡಿಸಿದರು. ನಿನ್ನ ಹೆಸರೇನು, ನಿಮ್ಮಮ್ಮ ಎಲ್ಲಿ, ಯಾವ ಊರು. ಪುಟ್ಟಿ ಒಬ್ಬೊಬ್ಬರ ಬಾಯಿಯನ್ನೂ ನೋಡಿದಳು. "ಪಾಪ, ಮೂಗಿ ಇರ್ಬೇಕು" ಎಂದರು ಯಾರೋ. "ಬೇಕೂಂತ ಬಿಟ್ಟೋಗಿದ್ರೆ?" ಎಂದರು ಇನ್ಯಾರೋ. ಕಂಡಕ್ಟರ್ ಒಳ್ಳೆಯವನೇ. "ಅಮ್ಮ, ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸೋಣ, ಅದೇ ಸರಿ" ಎಂದ.

"ಒಪ್ಸಲ್ಲ" ಎಂದರಂತೆ ಜುವೇರಿಯಾ. "ಅವಳು ಸ್ಟೇಷನ್‌ಗೆ ಕೊಟ್ಟಿಲ್ಲ, ನನ್ ಕೈಗೆ ಕೊಟ್ಟವ್ಳೆ. ಮುಂದಿನ ಸ್ಟಾಪಲ್ಲಿ ನಿಲ್ಸಿ."

ಮಿನರ್ವ ಸರ್ಕಲ್ಲಿನ ಹತ್ತಿರ ಅವರು ಪುಟ್ಟಿಯೊಂದಿಗೆ ಇಳಿದರು. ವಾಪಸ್ ಮಾರ್ಕೆಟ್ಟಿಗೆ ಹೋಗಬಹುದಿತ್ತು. ಹೋದರೆ ಆ ತಾಯಿ ಈ ಕಡೆ ಬಂದುಬಿಟ್ಟಿರುತ್ತಾಳೆ ಎಂದು ಯೋಚಿಸಿ ಅಲ್ಲೇ ನಿಂತರು. ತಾಯಿ ಬಂದರೆ ಇದೇ ರಸ್ತೆಯಲ್ಲಿ ಬರಬೇಕು. ಬಸ್ಸಿನಲ್ಲಿ ಬಂದರೆ ಕಿಟಕಿಯಿಂದ ಕಾಣಬೇಕು. ಅದಕ್ಕಾಗಿ ಮಾರ್ಕೆಟ್ ಕಡೆಯಿಂದ ಒಂದೊಂದು ಬಸ್ಸು ಬಂದಾಗಲೂ ಅವರು ಪುಟ್ಟಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಬಸ್ಸು ಹೋದ ಮೇಲೆ ಇಳಿಸಿ ತೋಳು ಉಜ್ಜಿಕೊಂಡರು. ಮತ್ತೊಂದು ಬಂದಾಗ ಮತ್ತೆ ಎತ್ತಿದರು. ಪುಟ್ಟಿಗೆ ಇದೊಂದು ಆಟವೆನಿಸಿರಬೇಕು, ಮೇಲೆ ಹೋದಾಗಲೆಲ್ಲ ಕೈ ಬೀಸಿದಳು.

ಭಾನಕ್ಕ ಆಟೋದಿಂದ ನೋಡಿದ್ದು ಅದನ್ನೇ. ಅವಳ ಕಣ್ಣು ಮುಂದೆ ಹೋಗುತ್ತಿದ್ದ ಬಸ್ಸುಗಳ ಬೆನ್ನ ಮೇಲೇ ಇತ್ತು. ಪಕ್ಕದಲ್ಲಿ ಜನರ ತಲೆಗಳ ಮೇಲೆ ಹಳದಿ ಲಂಗದ ಒಂದು ಮಗು ಎದ್ದಿತು, ಇಳಿಯಿತು. ಭಾನಕ್ಕ ಡ್ರೈವರಿನ ಹೆಗಲಿಗೆ ಹೊಡೆದಳು.

ಪುಟ್ಟಿಯನ್ನು ಎದೆಗೆ ಒತ್ತಿಕೊಂಡು ಅವಳು ಫುಟ್‌ಪಾತಿನ ಮೇಲೆಯೇ ಕೂತಳು. ಜುವೇರಿಯಾ ಸುಮ್ಮನೆ ಬಿಡಲಿಲ್ಲ.

"ಏನಮ್ಮಾ ನೀನು, ತಲೇಲಿ ಬುದ್ಧಿ ಐತಾ? ಮಗು ಏನು ಟವೆಲ್ಲಾ, ಸೀಟಿಗೆ ಹಾಕೋಕೆ?"

"ತಪ್ಪಾಯ್ತಕ್ಕ. ನಮ್ ಮಾಗಡೀಲಿ ಹಂಗೇ…"

"ಗೊತ್ತು ಬಿಡು. ನಾನು ರಾಮನಗರದವಳೇ. ನಮ್ಮಮ್ಮಾನೂ ನನ್ನ ಹಂಗೇ ತೂರ್ಸೋರು. ಅದ್ಕೇ ಹಿಂದೆ ಮುಂದೆ ನೋಡ್ದೆ ನಾನೂ ಕೈ ಚಾಚ್ಬಿಟ್ಟೆ. ಈ ಊರವರಾಗಿದ್ರೆ ಕಿಟಕಿ ಮುಚ್ಕೊಳ್ಳೋರು, ನಿನ್ ಮಗು ನಿನ್ ಹತ್ರಾನೇ ಇರೋದು." ಅವರ ದನಿ ಇಳಿಯಿತು. "ಇಬ್ರದೂ ತಪ್ಪೇ. ಏಳು, ನೀರು ಕುಡಿ. ಮಗು ಮಾತಾಡಲ್ವಾ?"

ಭಾನಕ್ಕ ಬ್ಯಾಗಿನಿಂದ ಡಬ್ಬಿ ತೆಗೆದು ಒಂದು ಮಿಷನ್ನನ್ನು ಪುಟ್ಟಿಯ ಕಿವಿಗೆ ಹಾಕಿದಳು. ಇನ್ನೊಂದನ್ನು ಜುವೇರಿಯಾ ಅವರೇ ಹಾಕಿದರು.

ಕೇಂದ್ರಕ್ಕೆ ಹೋದಾಗ ತಡವಾಗಿತ್ತು. ಹಬ್ಬದ ಕಾರಣಕ್ಕೆ ಬೇರೆ ಮಕ್ಕಳು ಬಂದಿರಲಿಲ್ಲ, ಹಾಗಾಗಿ ಹಿನಾ ಮೇಡಂ ಕಾದಿದ್ದರು. ಹಿನಾ ಮೇಡಂ ಚನ್ನಪಟ್ಟಣದ ಹುಡುಗಿ. ಅವರ ಮನೆಯವರು ಮರದ ಗೊಂಬೆ ಮಾಡುವವರು. ಅವರು ಪಾಠಕ್ಕೆ ಬಳಸುವ ಬುಗುರಿ, ಗಿಲಕಿ, ಬಸ್ಸು, ಹಸು ಎಲ್ಲವೂ ಊರಿನಿಂದ ತಂದವು. ಬಾಯಿಗೆ ಹಾಕಿಕೊಂಡರೂ ಬಣ್ಣ ಬಿಡುವುದಿಲ್ಲ.

ಭಾನಕ್ಕ ಏನೂ ಹೇಳಬಾರದು ಎಂದುಕೊಂಡಿದ್ದಳು. ಆದರೆ ಪುಟ್ಟಿ ಗೊಂಬೆಗಳ ಬುಟ್ಟಿಗೆ ಕೈ ಹಾಕಿ ಬಸ್ಸನ್ನು ತೆಗೆದಳು. ಒಂದು ಸಣ್ಣ ಗೊಂಬೆಯನ್ನು ಅದರ ಕಿಟಕಿಯ ತೂತಿನಲ್ಲಿ ತುರುಕಿದಳು. ಬಸ್ಸನ್ನು ಜೋರಾಗಿ ತಳ್ಳಿದಳು. ಅದು ಗೋಡೆಗೆ ಹೋಗಿ ತಾಗಿತು. ಇನ್ನೊಂದು ಗೊಂಬೆಯನ್ನು ಇಲ್ಲಿಯೇ ನಿಲ್ಲಿಸಿ, ಹಿನಾ ಮೇಡಂ ಮುಖವನ್ನೇ ನೋಡಿದಳು.

"ಇವತ್ತು ಏನಾಯ್ತು?" ಎಂದು ಹಿನಾ ಮೇಡಂ ಕೇಳಿದರು, ಪುಟ್ಟಿಯನ್ನಲ್ಲ.

ಭಾನಕ್ಕ ಹೇಳಿದಳು. ಮುಚ್ಚಿಡದೆ ಹೇಳಿದಳು. ಮಿಷನ್ ಬ್ಯಾಗಿನಲ್ಲಿತ್ತು ಎಂದಾಗ ಹಿನಾ ಮೇಡಂ ಕಣ್ಣು ಮುಚ್ಚಿಕೊಂಡರು. ಬೈಯುತ್ತಾರೆ ಎಂದುಕೊಂಡಳು. ಅವರು ಬೈಯಲಿಲ್ಲ. ನೆಲದ ಮೇಲೆ ಪುಟ್ಟಿಯ ಎದುರು ಕೂತು, ಬಸ್ಸನ್ನು ವಾಪಸ್ ತಂದು, ಒಂದೊಂದನ್ನೇ ನಿಧಾನವಾಗಿ ಹೇಳಿದರು. "ಬಸ್ಸು. ಹೋಯ್ತು. ಅಮ್ಮ ಇಲ್ಲ. ಅಮ್ಮ ಬಂದ್ಲು." ಪುಟ್ಟಿ ಅವರ ಬಾಯಿಯನ್ನು ನೋಡಿದಳು. "ಬಚ್ಚು" ಎಂದಳು. ಮತ್ತೆ ತಳ್ಳಿದಳು. "ಓತು" ಎಂದಳು.

"ಇಷ್ಟು ದಿನ ನಾನು ಕೊಟ್ಟ ಮಾತನ್ನ ಅವಳು ವಾಪಸ್ ಕೊಡ್ತಿದ್ಲು" ಎಂದರು ಹಿನಾ ಮೇಡಂ. "ಹಸು ಅಂದ್ರೆ ಹಸು, ಹೂವು ಅಂದ್ರೆ ಹೂವು. ಇವತ್ತು ಅವಳ ಹತ್ರಾನೇ ಹೇಳೋಕೆ ಒಂದು ವಿಷಯ ಇದೆ. ಈ ವಾರ ಮನೇಲಿ ಇದೇ ಪಾಠ. ದಿನಾ ಹೇಳಿಸಿ. ನಿಮ್ಮ ಹತ್ರ ಮಾತ್ರ ಅಲ್ಲ, ಅವರಪ್ಪನ ಹತ್ರ, ಅಜ್ಜಿ ಹತ್ರ. ಅವರು ಕೇಳಬೇಕು, ತಿರುಗಿ ಪ್ರಶ್ನೆ ಹಾಕಬೇಕು. ಬಸ್ಸು, ಗೊಂಬೆ ಎರಡೂ ತಗೊಂಡು ಹೋಗಿ."

ಭಾನಕ್ಕ ಬಸ್ಸನ್ನು ವಾಪಸ್ ಬುಟ್ಟಿಗೆ ಹಾಕಿದಳು. "ಬೇರೆ ಯಾವ್ದಾದ್ರೂ ಕತೆ ಕೊಡಿ ಮೇಡಂ."

"ಬೆಕ್ಕು ಹಾಲು ಕುಡಿದ ಕತೆ ಕೊಡ್ಲಾ? ಅದು ಅವಳಿಗೆ ಆಗಿಲ್ವಲ್ಲ."

"ಮನೇಲಿ ಗೊತ್ತಾದ್ರೆ ನನ್ನ ಇಲ್ಲಿಗೆ ಕಳ್ಸಲ್ಲ ಮೇಡಂ. ಹಂಗಂತ ಮೊದ್ಲೇ ಹೇಳವ್ರೆ."

ಹಿನಾ ಮೇಡಂ ಕೂಡ ಚಿಕ್ಕವರೇ. ಬಸ್ಸನ್ನೂ ಗೊಂಬೆಗಳನ್ನೂ ಒಂದು ಕವರಿಗೆ ಹಾಕಿ ಕೊಟ್ಟು, "ನೀವೇ ಯೋಚನೆ ಮಾಡಿ" ಎಂದಷ್ಟೇ ಹೇಳಿದರು.

ಹಬ್ಬ ಮುಗಿಯಿತು. ಭಾನಕ್ಕ ಪಾಠವನ್ನು ಕೊಟ್ಟಿಗೆಯಲ್ಲಿ ಮಾಡಿಸಿದಳು. ಅಂಬುಜಮ್ಮ ಹೊಲದ ಕಡೆ ಹೋದಾಗ, ಅಶ್ವಥ್ ಡೈರಿಗೆ ಹಾಲು ಹಾಕಲು ಹೋದಾಗ, ಬಸ್ಸು ಕವರಿನಿಂದ ಹೊರಗೆ ಬರುತ್ತಿತ್ತು. ಅವರು ಬರುವಷ್ಟರಲ್ಲಿ ಹುಲ್ಲಿನ ಹಿಂದೆ ಸೇರುತ್ತಿತ್ತು. ಪುಟ್ಟಿ ಚೆನ್ನಾಗಿ ಹೇಳುತ್ತಿದ್ದಳು. ಎರಡು ಪದವನ್ನು ಸೇರಿಸಿ ಅವಳು ಎಂದೂ ಹೇಳಿರಲಿಲ್ಲ. "ಬಚ್ಚು ಓತು" ಎಂದು ಹೇಳಿದ ದಿನ ಭಾನಕ್ಕ ಅವಳ ಬಾಯಿಗೆ ಮುತ್ತು ಕೊಟ್ಟು, ಅದನ್ನು ಯಾರಿಗೂ ಹೇಳಲಾಗದೆ ಹಸುವಿನ ಮುಖ ನೋಡಿಕೊಂಡು ನಿಂತಿದ್ದಳಂತೆ.

ಆದರೆ ಪುಟ್ಟಿಗೆ ಕೊಟ್ಟಿಗೆ ಸಾಲಲಿಲ್ಲ. ಅವಳು ಅಜ್ಜಿಯ ಸೆರಗು ಹಿಡಿದು ಎಳೆದಳು. ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತು ಒಂದು ಚಮಚವನ್ನು ಸರಳಿನ ನಡುವೆ ಹೊರಗೆ ಎಸೆದು "ಓತು" ಎಂದಳು.

"ಅಯ್ಯೋ, ಚಮಚ ಎಸಿಬಾರ್ದು ಕೂಸೇ" ಎಂದು ಅಂಬುಜಮ್ಮ ಹೋಗಿ ಎತ್ತಿಕೊಂಡು ಬಂದರು.

ಪುಟ್ಟಿ ಮತ್ತೆ ಎಸೆದಳು. ಅಂಬುಜಮ್ಮ ಅವಳಿಗೆ ಹಸಿವಿರಬೇಕೆಂದು ಉಳಿದಿದ್ದ ಒಬ್ಬಟ್ಟು ಕೊಟ್ಟರು. ಪುಟ್ಟಿ ಒಬ್ಬಟ್ಟನ್ನೂ ಎಸೆದು, ನೆಲದ ಮೇಲೆ ಹೊರಳಿ ಹೊರಳಿ ಅತ್ತಳು. "ಈ ಹಟ ಎಲ್ ಕಲಿತ್ಲೋ" ಎಂದು ಅಂಬುಜಮ್ಮ ನಿಟ್ಟುಸಿರು ಬಿಟ್ಟರು.

ಭಾನಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳು ಯಾಕೆ ಅಳುತ್ತಿದ್ದಾಳೆ ಎಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹೇಳಲು ಬಾಯಿಲ್ಲದ ಮಗುವಿಗೆ ಹೇಳುವ ವಿಷಯ ಸಿಕ್ಕಿದೆ, ಅದನ್ನು ತಾನು ಹುಲ್ಲಿನ ಹಿಂದೆ ಬಚ್ಚಿಡುತ್ತಿದ್ದೇನೆ ಎಂದು ಅನ್ನಿಸಿತು. ಹೇಳಿದರೆ ಹೋಗುವುದು ನಿಲ್ಲಬಹುದು. ಹೇಳದಿದ್ದರೆ ಪ್ರತಿ ವಾರ ಹೋಗಿ ತರುವುದಾದರೂ ಏನನ್ನು?

ಬುಧವಾರ ಸಂಜೆ ಅಶ್ವಥ್ ಖಾಲಿ ಕ್ಯಾನು ಹಿಡಿದು ಬಂದಾಗ ಭಾನಕ್ಕ ನಡುಮನೆಯಲ್ಲಿ ಚಾಪೆ ಹಾಸಿದ್ದಳು.

"ರೀ, ಇಲ್ ಬನ್ನಿ. ಅತ್ತೆ, ನೀವೂ ಬನ್ನಿ. ಪುಟ್ಟಿ ಏನೋ ಹೇಳ್ಬೇಕಂತೆ."

"ಏನಪ್ಪ, ಭಾಷಣ ಗೀಷಣ ಕಲ್ಸವ್ರಾ?" ಎಂದು ಅಶ್ವಥ್ ನಗುತ್ತಾ ಕೂತ.

ಪುಟ್ಟಿ ಗೊಂಬೆಯನ್ನು ಕಿಟಕಿಯಲ್ಲಿ ತುರುಕಿದಳು. ಬಸ್ಸನ್ನು ತಳ್ಳಿದಳು. "ಬಚ್ಚು ಓತು!"

ಅಶ್ವಥ್ ಚಪ್ಪಾಳೆ ತಟ್ಟಿದ. "ಅವ್ವ, ಕೇಳುದ್ಯಾ? ಎರಡು ಮಾತು! ಬಸ್ಸು ಹೋಯ್ತು ಅಂದ್ಲು!"

"ಕೇಳ್ದೆ ಕಣ್ಲಾ, ನಂಗೇನ್ ಕಿವುಡಾ" ಎಂದು ಅಂಬುಜಮ್ಮ ಕಣ್ಣೊರೆಸಿಕೊಂಡರು. ಮೊಮ್ಮಗಳ ಗದ್ದ ಹಿಡಿದು, "ಬಸ್ಸಲ್ಲಿ ಯಾರವ್ವ ಇರೋದು?" ಎಂದು ಕೇಳಿದರು.

ಪುಟ್ಟಿ ತನ್ನ ಎದೆಯನ್ನು ಬಡಿದುಕೊಂಡಳು. "ಪುತ್ತಿ."

"ಅಮ್ಮ ಎಲ್ಲಿ?"

ಪುಟ್ಟಿ ಬಸ್ಸಿನಿಂದ ದೂರ ನಿಂತಿದ್ದ ಗೊಂಬೆಯನ್ನು ತೋರಿಸಿದಳು. "ಅಮ್ಮ ಇಲ್ಲ."

ಅಶ್ವಥ್‌ನ ನಗು ಮುಖದ ಮೇಲೆಯೇ ಒಣಗಿತು. ಅವನು ಹೆಂಡತಿಯ ಕಡೆ ತಿರುಗಿದ. ಭಾನಕ್ಕ ತಲೆ ತಗ್ಗಿಸಲಿಲ್ಲ. ಮಾರ್ಕೆಟ್ಟಿನಿಂದ ಮಿನರ್ವ ಸರ್ಕಲ್ಲಿನವರೆಗೆ ನಡೆದದ್ದನ್ನೆಲ್ಲ ಹೇಳಿದಳು. ಮಗ ಅವಳ ಮಡಿಲಲ್ಲಿ ಕಚಗುಳಿ ಇಟ್ಟ ಹಾಗೆ ನಗುತ್ತಿದ್ದ.

"ವಾರ ಆಯ್ತು" ಎಂದ ಅಶ್ವಥ್. "ವಾರದಿಂದ ನನ್ ಜೊತೆ ಕೂತು ಉಂಡಿದ್ದೀಯ."

"ಹೂಂ."

"ನಾನ್ ಏನ್ ಹೇಳಿದ್ದೆ ನಿಂಗೆ?"

"ಅವತ್ತಿಗೇ ಕೊನೆ ಅಂದಿದ್ರಿ. ಅದ್ಕೇ ಹೇಳ್ಲಿಲ್ಲ."

"ಮತ್ತೆ ಇವತ್ತ್ಯಾಕೆ ಹೇಳ್ದೆ?"

"ನಾನ್ ಎಲ್ಲಿ ಹೇಳ್ದೆ? ಅವಳು ಹೇಳುದ್ಲು."

ಅಶ್ವಥ್ ಎದ್ದು ಜಗುಲಿಗೆ ಹೋದ. ಅಂಬುಜಮ್ಮ ಸೊಸೆಯನ್ನು ಬೈಯಲು ಬಾಯಿ ತೆರೆದರು. "ಅಲ್ಲ ಕಣೆ, ಕಿಟಕೀಲಿ ಯಾರಾದ್ರೂ…" ಎಂದು ಅಷ್ಟಕ್ಕೇ ನಿಲ್ಲಿಸಿ, ಜಗುಲಿಯಲ್ಲಿದ್ದ ಮಗನಿಗೂ ಕೇಳುವಂತೆ, "ಇವನ್ನೂ ನಾನು ಹಂಗೇ ತೂರ್ಸಿದ್ದೀನಿ ಮಾಗಡೀಲಿ. ದಪ್ಪಗಿದ್ದ, ಒಂದ್ಸಲ ಅರ್ಧಕ್ಕೇ ಸಿಕ್ಕಾಕ್ಕಂಡಿದ್ದ" ಎಂದರು.

ಇಷ್ಟೆಲ್ಲ ನಡೆಯುವಾಗ ಪುಟ್ಟಿ ಎಲ್ಲರ ಬಾಯಿಯನ್ನೂ ನೋಡುತ್ತಾ ಕಾದಿದ್ದಳು. ಅವಳ ಕತೆ ಮುಗಿದಿರಲಿಲ್ಲ. ಬಸ್ಸನ್ನೂ ಗೊಂಬೆಗಳನ್ನೂ ಎದೆಗೆ ಒತ್ತಿಕೊಂಡು ಜಗುಲಿಗೆ ಹೋದಳು. ಅಪ್ಪ ಬೀದಿಯ ಕಡೆ ನೋಡುತ್ತಾ ಕೂತಿದ್ದ. ಅವಳು ಅವನ ಗದ್ದಕ್ಕೆ ಕೈ ಹಾಕಿ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವನು ಮತ್ತೆ ಆ ಕಡೆ ತಿರುಗಿದ. ಅವಳು ಮತ್ತೆ ತಿರುಗಿಸಿದಳು.

ಬಸ್ಸಿನಿಂದ ಗೊಂಬೆಯನ್ನು ಹೊರಗೆ ತೆಗೆದಳು. ತನ್ನ ತಲೆಯ ಮೇಲಕ್ಕೆ ಎತ್ತಿ ಹಿಡಿದಳು, ಇಳಿಸಿದಳು, ಎತ್ತಿದಳು, ಇಳಿಸಿದಳು. ಅದಕ್ಕೆ ಅವಳ ಹತ್ತಿರ ಮಾತಿರಲಿಲ್ಲ. ಆಮೇಲೆ ಇನ್ನೊಂದು ಗೊಂಬೆಯನ್ನು ಓಡಿಸಿಕೊಂಡು ತಂದು ಅದರ ಪಕ್ಕಕ್ಕೆ ಸೇರಿಸಿದಳು.

"ಅಮ್ಮ ಬಂತು" ಎಂದಳು.

ಅಶ್ವಥ್ ಆ ಎರಡು ಗೊಂಬೆಗಳನ್ನು ನೋಡುತ್ತಾ ಕೂತ. ಒಳಗೆ ಭಾನಕ್ಕ ಮಗನಿಗೆ ಹಾಲು ಕುಡಿಸುತ್ತಿದ್ದಳು, ಅವಳ ಕಿವಿಯೆಲ್ಲ ಹೊರಗಿತ್ತು.

"ನಾಳೆ ಹಾಲು ಅವ್ವ ಕರ್ಕಂತದೆ" ಎಂದ ಅಶ್ವಥ್, ಒಳಗೆ ತಿರುಗದೆ. "ನಾನೂ ಬತ್ತೀನಿ. ಮಗೀನ ನಾನ್ ಎತ್ಕತ್ತೀನಿ, ನೀನು ಇವಳ ಕೈ ಬುಡ್ಬ್ಯಾಡ. ಮಿಷನ್ನೂ ಬಿಚ್ಚಬ್ಯಾಡ. ಅತ್ರೆ ಅಳ್ಲಿ."

ಪುಟ್ಟಿ ಮತ್ತೆ ಅವನ ಗದ್ದ ಹಿಡಿದಳು. ಆ ಮಗುವಿಗೆ ಮನೆಯಲ್ಲಿ ಎಲ್ಲರೂ ಬಾ, ಕೂತ್ಕೊ, ಉಣ್ಣು ಎಂದು ಕೈಸನ್ನೆ ಮಾಡಿ ಹೇಳಿದ್ದುಂಟು. ಈ ಒಂದು ಮಾತನ್ನು ಮಾತ್ರ ಅದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ಅಶ್ವಥ್ ತುಟಿ ಕಾಣುವ ಹಾಗೆ ಅವಳ ಎದುರಿಗೆ ಬಗ್ಗಿ, ನಿಧಾನವಾಗಿ ಕೇಳಿದ:

"ಆಮೇಲೆ?"

ಪುಟ್ಟಿ ಯೋಚಿಸಿದಳು. ಮುಂದಿನದು ಅವಳಿಗೆ ಗೊತ್ತಿರಲಿಲ್ಲ. ಗೊಂಬೆಯನ್ನು ಎತ್ತಿಕೊಂಡು, ಕಿಟಕಿಯಲ್ಲಿ ತುರುಕಿ, ಮೊದಲಿನಿಂದ ಶುರು ಮಾಡಿದಳು.